ಮನುಷ್ಯಕುಮಾರ: ಯಾವ ಮನುಷ್ಯನ ಮಗ?

‘ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ನರಪಿಳ್ಳೆ ಎಂದರೆ ಅಕ್ಷರಶಃ ನರನ ಮಗು. ಆದರೆ ಯಾವ ನರ, ಯಾವ ಮಗು ಎಂದು ಯಾರೂ ಕೇಳುವುದಿಲ್ಲ. ಯಾರೊಬ್ಬರೂ ಇರಲಿಲ್ಲ ಎಂಬುದಷ್ಟೇ ಅದರ ಅರ್ಥ. ‘ಮಾನವ’, ‘ಮನುಜ’ ಎಂಬ ಪದಗಳೂ ಹೀಗೆಯೇ. ಎರಡಕ್ಕೂ ಮನುವಿನ ಸಂತಾನ ಎಂಬುದು ಮೂಲಾರ್ಥ. ಹಾಗೆಂದು ‘ಮಾನವ ಹಕ್ಕು’ ಎನ್ನುವಾಗ ಯಾರ ಮನಸ್ಸಿಗೂ ಮನು ಬರುವುದಿಲ್ಲ. ಪದ ಸವೆದು ನುಣುಪಾಗಿದೆ, ಒಳಗಿನ ವಂಶಾವಳಿ ಅಳಿಸಿಹೋಗಿದೆ.

ಈಗ ಒಂದು ಕ್ಷಣ ಕಲ್ಪಿಸಿಕೊಳ್ಳಿ. ಕನ್ನಡ ಬಾರದ ಯಾರೋ ಒಬ್ಬರು ಈ ‘ನರಪಿಳ್ಳೆ’ಯನ್ನು ಪದಶಃ ಬೇರೆ ಭಾಷೆಗೆ ತಂದು, ಯಾರು ಆ ನರ ಎಂದು ಗಂಭೀರವಾಗಿ ಕೇಳಲು ಶುರುಮಾಡಿದರೆ? ಕ್ರೈಸ್ತ ಧರ್ಮದ ಮೊದಲ ಎರಡು ಮೂರು ಶತಮಾನಗಳಲ್ಲಿ ಹೆಚ್ಚುಕಡಿಮೆ ಇಂಥದ್ದೇ ಆಯಿತು. ಆ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು ಸಿದ್ಧಾಂತವಾಗಿ ನಿಂತಿತು, ಇನ್ನೊಂದು ಪಾಷಂಡವೆನಿಸಿ ಮಣ್ಣಿನಡಿ ಸೇರಿತು. ನಾನು ಇಲ್ಲಿ ಬರೆಯಹೊರಟಿರುವುದು ಆ ಎರಡನೆಯ ಉತ್ತರದ ಬಗ್ಗೆ.

ಯೇಸು ತನ್ನನ್ನು ತಾನು ಕರೆದುಕೊಂಡ ಬಿರುದು ‘ಮನುಷ್ಯಕುಮಾರ’. ನಾಲ್ಕು ಸುವಾರ್ತೆಗಳಲ್ಲಿ ಅದು 80ಕ್ಕೂ ಹೆಚ್ಚು ಬಾರಿ ಬರುತ್ತದೆ, ಬಹುಪಾಲು ಅವನ ಬಾಯಲ್ಲೇ. ಪೌಲನ ಪತ್ರಗಳಲ್ಲಿ ಒಮ್ಮೆಯೂ ಬರುವುದಿಲ್ಲ. ಅದರ ಬೇರು ಯೆಹೂದ್ಯರ ಮಾತಿನಲ್ಲಿದೆ. ಹೀಬ್ರೂವಿನ ‘ಬೆನ್ ಆದಾಮ್’, ಅರಾಮಿಕ್‌ನ ‘ಬರ್ ಎನಾಶ್’ ಎರಡಕ್ಕೂ ಅರ್ಥ ಮನುಷ್ಯನ ಮಗ, ಅಂದರೆ ಬರೀ ಮನುಷ್ಯ. ಪ್ರವಾದಿ ಯೆಹೆಜ್ಕೇಲನನ್ನು ದೇವರು 90ಕ್ಕೂ ಹೆಚ್ಚು ಬಾರಿ ಹೀಗೆಯೇ ಕರೆಯುತ್ತಾನೆ. ‘ಎಲೈ ನರನೇ’ ಎಂದಂತೆ. ದಾನಿಯೇಲನ ಗ್ರಂಥದ 7ನೇ ಅಧ್ಯಾಯದಲ್ಲಿ ಮಾತ್ರ ಈ ಮಾತು ಬೇರೆ ಎತ್ತರಕ್ಕೆ ಏರುತ್ತದೆ. ಅಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಎದ್ದು ಬಂದ ಮೇಲೆ, ಮನುಷ್ಯನಂತೆ ಕಾಣುವ ಒಬ್ಬನು ಆಕಾಶದ ಮೇಘಗಳೊಂದಿಗೆ ಬಂದು ಶಾಶ್ವತ ರಾಜ್ಯವನ್ನು ಪಡೆಯುತ್ತಾನೆ.

ನಮ್ಮ ಭಾಷಾಂತರಕಾರರು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಹಳೆಯ ಕನ್ನಡ ಬೈಬಲಿನಲ್ಲಿ ಯೆಹೆಜ್ಕೇಲನು ‘ನರಪುತ್ರ’, ಯೇಸು ‘ಮನುಷ್ಯಕುಮಾರ’. ನಾನಿರುವ ಚೆನ್ನೈನಲ್ಲಿ ತಮಿಳು ಬೈಬಲನ್ನು ತೆರೆದು ನೋಡಿದಾಗ ಇನ್ನೂ ಸೊಗಸಾದ ಸಂಗತಿ ಕಂಡಿತು: ಅಲ್ಲಿ ಯೆಹೆಜ್ಕೇಲನು ‘ಮನುಪುತ್ತಿರನ್’, ಯೇಸು ‘ಮನುಷಕುಮಾರನ್’. ಹೈದರಾಬಾದಿನ ಗೆಳೆಯರು ತೆಲುಗಿನಲ್ಲೂ ಇಂಥದ್ದೇ ವಿಂಗಡಣೆ ನೋಡಬಹುದು. ಅಂದರೆ ಒಂದು ಪದ ಬರೀ ಮನುಷ್ಯನಿಗೆ, ಇನ್ನೊಂದು ಪದ ಬಿರುದಿಗೆ. ಗ್ರೀಕಿನಲ್ಲಿ ಹೀಗೆ ಎರಡು ಬೇರೆ ಪದಗಳಿಲ್ಲ. ಎರಡೂ ಕಡೆ ಇರುವುದು ‘ಹುಯಿಯೊಸ್’ ಮತ್ತು ‘ಆಂತ್ರೋಪೊಸ್’, ಮಗ ಮತ್ತು ಮನುಷ್ಯ. ವ್ಯತ್ಯಾಸವೆಂದರೆ ಸುವಾರ್ತೆಗಳ ಗ್ರೀಕಿನಲ್ಲಿ ಎರಡು ಪದಗಳ ಹಿಂದೆಯೂ ನಿರ್ದೇಶಕ ಉಪಪದ ಕುಳಿತಿದೆ: ‘ಆ ಮನುಷ್ಯನ ಆ ಮಗ’. ಅರಾಮಿಕ್ ಬಲ್ಲವನ ಕಿವಿಗೆ ಸವೆದ ನುಡಿಗಟ್ಟಾಗಿದ್ದ ಮಾತು ಗ್ರೀಕ್ ಓದುಗನಿಗೆ ಒಗಟಾಯಿತು. ಯಾವ ಮನುಷ್ಯನ ಮಗ?

ಸಭೆ ಕೊಟ್ಟ ಉತ್ತರ ನೇರವಾಗಿತ್ತು. 2ನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಎಫೆಸದವರಿಗೆ ಬರೆದ ಪತ್ರದಲ್ಲಿ, ಶರೀರದ ಪ್ರಕಾರ ದಾವೀದನ ವಂಶದವನಾದ ಕ್ರಿಸ್ತನನ್ನು ಮನುಷ್ಯಕುಮಾರನೆಂದೂ ದೇವಕುಮಾರನೆಂದೂ ಜೋಡಿಸಿ ಹೇಳುತ್ತಾನೆ. ಮುಂದೆ ಲಿಯಾನ್‌ನ ಬಿಷಪ್ ಐರೇನಿಯಸ್ ಇದನ್ನು ಇನ್ನಷ್ಟು ಬಿಗಿಗೊಳಿಸಿದ: ಮರಿಯಳು ಮನುಷ್ಯಳು, ಅವಳಲ್ಲಿ ಹುಟ್ಟಿದ್ದರಿಂದ ಅವನು ಮನುಷ್ಯಕುಮಾರ. ಹೀಗೆ ಒಂದು ಬಿರುದು ದೈವತ್ವಕ್ಕೆ, ಇನ್ನೊಂದು ಮನುಷ್ಯತ್ವಕ್ಕೆ ಎಂದು ಹಂಚಿಕೆಯಾಯಿತು. ಇಂದಿಗೂ ಚರ್ಚುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಇದೇ. ಇಲ್ಲಿ ‘ಮನುಷ್ಯ’ ಎಂಬುದು ಕೆಳಗಿನ ಮೆಟ್ಟಿಲು. ದೇವರು ಅಲ್ಲಿಗೆ ಇಳಿದುಬಂದ.

ಗ್ನಾಸ್ಟಿಕರು ಈ ಮೆಟ್ಟಿಲನ್ನೇ ತಲೆಕೆಳಗು ಮಾಡಿದರು. ಕನ್ನಡದಲ್ಲಿ ಕೆಲವೊಮ್ಮೆ ‘ನಾಸ್ಟಿಕ್’ ಎಂದು ಬರೆದು ಅದು ‘ನಾಸ್ತಿಕ’ದ ಜೊತೆ ಬೆರೆತು ಗೊಂದಲವಾಗುತ್ತದೆ. ಇವರು ನಾಸ್ತಿಕರಲ್ಲ. ಗ್ರೀಕಿನ ‘ಗ್ನೋಸಿಸ್’ ಮತ್ತು ನಮ್ಮ ‘ಜ್ಞಾನ’ ಒಂದೇ ಧಾತುವಿನಿಂದ ಬಂದವು. ತಮ್ಮ ಮೂಲದ ಅರಿವೇ ಮುಕ್ತಿ ಎಂದು ನಂಬಿದವರಿವರು. ಇವರೆಲ್ಲ ಒಂದೇ ಪಂಥವಲ್ಲ. ಮೈಕೆಲ್ ವಿಲಿಯಮ್ಸ್, ಕ್ಯಾರನ್ ಕಿಂಗ್‌ರಂಥ ವಿದ್ವಾಂಸರು ಇಷ್ಟು ಬೇರೆ ಬೇರೆ ಗುಂಪುಗಳಿಗೆ ಒಂದೇ ಹಣೆಪಟ್ಟಿ ಹಚ್ಚಬಹುದೇ ಎಂದೇ ಪ್ರಶ್ನಿಸಿದ್ದಾರೆ. ಆದ್ದರಿಂದ ನಾನು ‘ಗ್ನಾಸ್ಟಿಕ್ ಓದು’ ಎನ್ನುವಾಗ ಕೆಲವು ನಿರ್ದಿಷ್ಟ ಗ್ರಂಥಗಳ ಓದು ಎಂದಷ್ಟೇ ತಿಳಿಯಬೇಕು.

ಬಹುಕಾಲ ಈ ಓದು ನಮಗೆ ತಿಳಿದಿದ್ದೇ ವಿರೋಧಿಗಳ ಬಾಯಿಂದ. ಸುಮಾರು 180ರಲ್ಲಿ ಐರೇನಿಯಸ್ ಪಾಷಂಡಗಳ ವಿರುದ್ಧ ಐದು ಪುಸ್ತಕಗಳನ್ನು ಬರೆದ. ವ್ಯಾಲೆಂಟೈನಸ್‌ನ ಅನುಯಾಯಿಗಳಲ್ಲಿ ಕೆಲವರು ಎಲ್ಲಕ್ಕೂ ಮೂಲನಾದ ಆದಿಪಿತನನ್ನೇ ‘ಮನುಷ್ಯ’ ಎಂದು ಕರೆಯುತ್ತಾರೆ, ರಕ್ಷಕನು ತನ್ನನ್ನು ಮನುಷ್ಯಕುಮಾರ ಎಂದುಕೊಂಡಿದ್ದು ಅದಕ್ಕೇ ಎನ್ನುತ್ತಾರೆ ಎಂದು ಅವನು ಆಕ್ಷೇಪದ ಧ್ವನಿಯಲ್ಲಿ ವರದಿ ಮಾಡುತ್ತಾನೆ. ಇದು ಬರೀ ಆರೋಪವೋ ನಿಜವೋ ಎಂದು ಹೇಳಲು ಅವರದೇ ಗ್ರಂಥಗಳು ಬೇಕಿದ್ದವು.

ಅವು ಈಜಿಪ್ಟಿನ ಒಣನೆಲದಲ್ಲಿ ಸಿಕ್ಕವು. 1896ರಲ್ಲಿ ಕೈರೋದಲ್ಲಿ ಕೊಂಡ ಒಂದು ಕಾಪ್ಟಿಕ್ ಹಸ್ತಪ್ರತಿ ಬರ್ಲಿನ್ ಸೇರಿತು. ಅದರ ನಸೀಬು ನೋಡಿ: 1912ರಲ್ಲಿ ಅಚ್ಚಿಗೆ ಸಿದ್ಧವಾಗಿದ್ದಾಗ ಮುದ್ರಣಾಲಯದ ನೀರಿನ ಕೊಳವೆ ಒಡೆದು ಹಾಳೆಗಳು ಹಾಳಾದವು, ಬಳಿಕ ಎರಡು ಮಹಾಯುದ್ಧಗಳು ಬಂದವು, ಕೊನೆಗೆ ಅದು ಪ್ರಕಟವಾಗಿದ್ದು 1955ರಲ್ಲಿ. ಈ ನಡುವೆ 1945ರಲ್ಲಿ ನಾಗ್ ಹಮ್ಮಾದಿ ಬಳಿ ರೈತರಿಗೆ ಮಣ್ಣಿನ ಜಾಡಿಯೊಂದು ದೊರೆಯಿತು. ಅದರಲ್ಲಿದ್ದ 13 ಸಂಪುಟಗಳು ಇಂದು ಕೈರೋದ ಕಾಪ್ಟಿಕ್ ಮ್ಯೂಸಿಯಮ್ಮಿನಲ್ಲಿವೆ. 1977ರಲ್ಲಿ ಇಡೀ ಸಂಗ್ರಹ ಇಂಗ್ಲಿಷಿಗೆ ಬಂದ ಮೇಲೆ ನಮ್ಮಂಥ ಸಾಮಾನ್ಯ ಓದುಗರಿಗೂ ಅವು ದಕ್ಕಿದವು.

ಇವುಗಳಲ್ಲಿ ‘ಯೋಹಾನನ ರಹಸ್ಯಗ್ರಂಥ’ ಮುಖ್ಯವಾದದ್ದು. ಇದರ ನಾಲ್ಕು ಪ್ರತಿಗಳು ಉಳಿದಿವೆ. ಅದರ ಕಥೆ ಹೀಗಿದೆ. ಹೆಸರಿಗೂ ನಿಲುಕದ ಪರಮಾತ್ಮನಿಂದ ಹೊಮ್ಮಿದ ಶಕ್ತಿಗಳಲ್ಲಿ ಸೋಫಿಯಾ, ಅಂದರೆ ಪ್ರಜ್ಞೆ, ತನ್ನ ಜೊತೆಗಾರನ ಒಪ್ಪಿಗೆಯಿಲ್ಲದೆ ಒಬ್ಬನನ್ನು ಹೆರುತ್ತಾಳೆ. ಸಿಂಹಮುಖದ, ಸರ್ಪದೇಹದ ಅವನೇ ಯಾಲ್ದಬಾವೋತ್. ಅವನು ಈ ಲೋಕವನ್ನೂ ಅದನ್ನಾಳುವ ಅಧಿಪತಿಗಳನ್ನೂ ಸೃಷ್ಟಿಸಿ, ತನ್ನ ಹೊರತು ಬೇರೆ ದೇವರಿಲ್ಲ, ತಾನು ಅಸೂಯಾಪರನಾದ ದೇವರು ಎಂದು ಘೋಷಿಸುತ್ತಾನೆ. ಗ್ರಂಥಕಾರ ಇಲ್ಲೇ ಸಣ್ಣದಾಗಿ ಚುಚ್ಚುತ್ತಾನೆ: ಬೇರೆ ಯಾರೂ ಇಲ್ಲದಿದ್ದರೆ ಅಸೂಯೆ ಯಾರ ಮೇಲೆ? ಆಗ ಮೇಲಿನಿಂದ ಒಂದು ದನಿ ಕೇಳುತ್ತದೆ. ಮನುಷ್ಯನೊಬ್ಬನಿದ್ದಾನೆ, ಅವನ ಮಗನೂ ಇದ್ದಾನೆ ಎಂಬುದು ಆ ದನಿಯ ತಾತ್ಪರ್ಯ. ಅಧಿಪತಿಗಳು ನಡುಗುತ್ತಾರೆ. ಕೆಳಗಿನ ನೀರು ಬೆಳಗಿ ಅದರಲ್ಲಿ ಒಂದು ಮನುಷ್ಯರೂಪ ಕಾಣುತ್ತದೆ. ಆ ರೂಪವನ್ನು ನೋಡಿ ಅವರು ಆದಾಮನನ್ನು ಮಾಡುತ್ತಾರೆ. ಅವನು ಏಳಲಾರದೆ ಬಿದ್ದಿರುತ್ತಾನೆ. ಉಪಾಯಕ್ಕೆ ಸಿಕ್ಕಿಬಿದ್ದ ಯಾಲ್ದಬಾವೋತ್ ತನ್ನ ತಾಯಿಯಿಂದ ಬಂದ ಶಕ್ತಿಯನ್ನು ಅವನೊಳಗೆ ಊದಿದ ಕೂಡಲೇ ಆದಾಮ ಎದ್ದು ನಿಲ್ಲುತ್ತಾನೆ, ತನ್ನನ್ನು ಮಾಡಿದವರಿಗಿಂತ ಹೆಚ್ಚು ಹೊಳೆಯುತ್ತಾನೆ.

ಆದಿಕಾಂಡದ 1ನೇ ಅಧ್ಯಾಯದಲ್ಲಿ ದೇವರು ತನ್ನ ಸ್ವರೂಪದಲ್ಲಿ ಮನುಷ್ಯನನ್ನು ಉಂಟುಮಾಡಿದನೆಂದಿದೆ. ಗ್ನಾಸ್ಟಿಕ್ ಓದು ಅದನ್ನು ಕಟ್ಟಕಡೆಯವರೆಗೆ ಎಳೆಯುತ್ತದೆ: ಪ್ರತಿ ಮನುಷ್ಯನಾಗಿದ್ದರೆ ಮೂಲವೂ ಮನುಷ್ಯನೇ ಆಗಿರಬೇಕಲ್ಲವೇ? ಹಾಗಾದರೆ ‘ಮನುಷ್ಯ’ ಎಂಬುದು ಪರಮಾತ್ಮನದೇ ಹೆಸರು. ‘ಮನುಷ್ಯಕುಮಾರ’ ಎಂಬುದು ದೀನತೆಯ ಬಿರುದಲ್ಲ. ಅದು ‘ದೇವಕುಮಾರ’ನಿಗಿಂತ ಕಡಿಮೆಯದ್ದೇನೂ ಅಲ್ಲ. ‘ಧನ್ಯನಾದ ಯೂಗ್ನೋಸ್ಟೊಸ್’ ಎಂಬ ಇನ್ನೊಂದು ಕೃತಿ ಇದನ್ನು ವಂಶವೃಕ್ಷದಂತೆ ಬಿಡಿಸಿಡುತ್ತದೆ. ಮೊದಲು ಅಮರ ಮನುಷ್ಯ, ಅವನಿಂದ ಮನುಷ್ಯಕುಮಾರ, ಅವನಿಂದ ಮನುಷ್ಯಕುಮಾರನ ಮಗನಾದ ರಕ್ಷಕ. ಆ ಅಮರ ಮನುಷ್ಯ ಗಂಡೂ ಹೌದು, ಹೆಣ್ಣೂ ಹೌದು.

ಇದೆಲ್ಲ ವ್ಯಾಕರಣ ತಪ್ಪಿ ತಿಳಿದದ್ದರ ಫಲ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ತಳ್ಳಿಹಾಕಲಾರೆ. ಯೆಹೆಜ್ಕೇಲನ ಗ್ರಂಥದ ಮೊದಲ ಅಧ್ಯಾಯದ ಕೊನೆಗೆ ಪ್ರವಾದಿಗೆ ಸಿಂಹಾಸನದ ಮೇಲೆ ದೇವಮಹಿಮೆಯ ದರ್ಶನವಾಗುತ್ತದೆ. ಅಲ್ಲಿ ಕಾಣುವುದು ಮನುಷ್ಯನ ಹೋಲಿಕೆಯ ಒಂದು ರೂಪ, ಹೀಬ್ರೂವಿನಲ್ಲಿ ‘ಆದಾಮ್’. ಮುಂದಿನ ಅಧ್ಯಾಯದ ಮೊದಲ ಸಾಲಿನಲ್ಲೇ ಆ ಮೂರ್ತಿ ಪ್ರವಾದಿಯನ್ನು ‘ಬೆನ್ ಆದಾಮ್’ ಎಂದು ಕರೆಯುತ್ತದೆ. ಮೇಲೆ ಕೂತವನದು ಮನುಷ್ಯರೂಪ, ಕೆಳಗೆ ಬಿದ್ದವನು ಮನುಷ್ಯನ ಮಗ. ಡಚ್ ವಿದ್ವಾಂಸ ಗಿಲೆಸ್ ಕ್ವಿಸ್ಪೆಲ್ ಗ್ನಾಸ್ಟಿಕರ ದೈವೀ ಮನುಷ್ಯನ ಬೇರುಗಳನ್ನು ಯೆಹೂದ್ಯರ ಇಂಥ ದರ್ಶನಗಳಲ್ಲೇ ಹುಡುಕಿದ. ಅಂದರೆ ಗ್ನಾಸ್ಟಿಕರು ಅರ್ಥವನ್ನು ಗಾಳಿಯಿಂದ ತಂದಿರಲಿಲ್ಲ. ಪಠ್ಯದಲ್ಲೇ ಇದ್ದ ಒಂದು ಬಾಗಿಲನ್ನು ಬೇರೆ ಕಡೆಗೆ ತೆರೆದರು.

ಈ ಎಲ್ಲ ಕೃತಿಗಳಲ್ಲಿ ನನಗೆ ಹೆಚ್ಚು ಆಪ್ತವಾದದ್ದು ಬರ್ಲಿನ್ ಹಸ್ತಪ್ರತಿಯಲ್ಲಿರುವ ‘ಮರಿಯಳ ಸುವಾರ್ತೆ’. ಅದರ ಮೊದಲ ಆರು ಪುಟಗಳೂ ನಡುವಿನ ನಾಲ್ಕು ಪುಟಗಳೂ ಕಳೆದುಹೋಗಿವೆ. ಉಳಿದ ಭಾಗದಲ್ಲಿ ರಕ್ಷಕನು ಶಿಷ್ಯರಿಗೆ, ಇಲ್ಲಿ ನೋಡಿ ಅಲ್ಲಿ ನೋಡಿ ಎನ್ನುವವರ ಮಾತಿಗೆ ಮರುಳಾಗಬೇಡಿ, ಮನುಷ್ಯಕುಮಾರನು ನಿಮ್ಮೊಳಗೇ ಇದ್ದಾನೆ ಎಂದು ತಿಳಿಸಿ ಹೊರಟುಹೋಗುತ್ತಾನೆ. ದಾನಿಯೇಲನ ಮೇಘಗಳಿಲ್ಲ, ತುತ್ತೂರಿಯಿಲ್ಲ. ಶಿಷ್ಯರು ಅಳುತ್ತಾರೆ: ಅವನನ್ನೇ ಬಿಡದವರು ನಮ್ಮನ್ನು ಬಿಟ್ಟಾರೆಯೇ? ಆಗ ಮರಿಯ ಎದ್ದು ಅವರನ್ನು ಸಂತೈಸುತ್ತಾ, ಅವನು ನಮ್ಮನ್ನು ಸಿದ್ಧಪಡಿಸಿದ್ದಾನೆ, ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದಾನೆ ಎಂಬರ್ಥದ ಮಾತಾಡುತ್ತಾಳೆ. ಕಾಪ್ಟಿಕ್‌ನಲ್ಲಿ ಅಲ್ಲಿರುವ ಪದ ‘ರೋಮೆ’. ಅದರರ್ಥ ಗಂಡಸು ಎಂದಲ್ಲ, ಮನುಷ್ಯ. ಹೀಗೆ ಹೇಳುವವಳು ಹೆಂಗಸು. ಮುಂದೆ ಅಂದ್ರೆಯ, ಪೇತ್ರರು ಅವಳನ್ನು ನಂಬುವುದಿಲ್ಲ. ನಮಗೆ ಹೇಳದ್ದನ್ನು ಒಬ್ಬ ಹೆಂಗಸಿಗೆ ಹೇಳಿದನೇ ಎಂದು ಪೇತ್ರನ ತಕರಾರು. ಲೇವಿ ಅವಳ ಪರ ನಿಂತು, ನಾವೆಲ್ಲ ಪರಿಪೂರ್ಣ ಮನುಷ್ಯನನ್ನು ಧರಿಸಿಕೊಳ್ಳೋಣ ಎನ್ನುತ್ತಾನೆ. ಬಿರುದು ಇಲ್ಲಿ ಒಬ್ಬನ ಸ್ವತ್ತಾಗಿ ಉಳಿಯದೆ ಎಲ್ಲರೂ ತಲುಪಬೇಕಾದ ಸ್ಥಿತಿಯಾಗುತ್ತದೆ.

ಇಷ್ಟು ಓದಿದವರಿಗೆ ಗ್ನಾಸ್ಟಿಕರೇ ನಿಜವಾದ ಮಾನವತಾವಾದಿಗಳು, ಸಭೆಯೇ ಅವರನ್ನು ತುಳಿಯಿತು ಎನಿಸಬಹುದು. ಈಚಿನ ಜನಪ್ರಿಯ ಪುಸ್ತಕಗಳು ಹಾಗೆ ಹೇಳುವುದೂ ಉಂಟು. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ‘ಯೋಹಾನನ ರಹಸ್ಯಗ್ರಂಥ’ಕ್ಕೆ ನಮ್ಮ ಈ ದೇಹ ಗೋರಿ. ಹಸಿವು, ಬೆವರು, ಹೆರಿಗೆ, ಮುಪ್ಪು ಇವೆಲ್ಲ ಅಧಿಪತಿಗಳು ಹೂಡಿದ ಬಲೆ. ಐರೇನಿಯಸ್ ಹೇಳುವಂತೆ ವ್ಯಾಲೆಂಟೈನಸ್‌ನ ಅನುಯಾಯಿಗಳು ಮನುಷ್ಯರನ್ನು ಆತ್ಮದವರು, ಪ್ರಾಣದವರು, ಮಣ್ಣಿನವರು ಎಂದು ಮೂರು ಬಗೆಯಾಗಿ ಹಂಚಿ, ಮಣ್ಣಿನವರಿಗೆ ಮುಕ್ತಿಯಿಲ್ಲ ಎಂದರು. ಹುಟ್ಟಿನಿಂದಲೇ ಯೋಗ್ಯತೆ ಅಳೆಯುವ ವಿಂಗಡಣೆಗಳನ್ನು ಕಂಡ ನಾಡಿನಿಂದ ಬಂದ ನನಗೆ ಈ ಮಾತು ಕಿವಿಗೆ ಹಿತವಾಗಿ ಕೇಳುವುದಿಲ್ಲ. ಮೇಲಾಗಿ ಯೆಹೂದ್ಯರ ದೇವರನ್ನು ಅಹಂಕಾರಿ ಕುರುಡನನ್ನಾಗಿ ಚಿತ್ರಿಸುವುದರ ಅಪಾಯ ಏನೆಂದು ಯುರೋಪಿನ ನಂತರದ ಚರಿತ್ರೆ ಬಲ್ಲವರಿಗೆ ತಿಳಿದೇ ಇದೆ.

ಐರೇನಿಯಸ್‌ನ ಬಿರುಸಾದ ಆಕ್ಷೇಪದ ಹಿಂದೆಯೂ ಒಂದು ಕಾಳಜಿ ಇತ್ತು. ಅವನಿಗೆ ಮರಿಯಳ ಮಗ ನಿಜವಾಗಿ ಹಸಿದವನು, ನಿಜವಾಗಿ ಸತ್ತವನು. ಮಾಂಸಕ್ಕೆ ಬಿಡುಗಡೆಯಿಲ್ಲದಿದ್ದರೆ ಬಿಡುಗಡೆಯೇ ಇಲ್ಲ. ಬದುಕಿರುವ ಮನುಷ್ಯನೇ ದೇವರ ಮಹಿಮೆ ಎಂಬರ್ಥದ ಮಾತನ್ನು ಬರೆದವನೂ ಅವನೇ. ಜಗಳವಾಡಿದ ಎರಡೂ ಕಡೆಯವರು ಮನುಷ್ಯನನ್ನು ಮೇಲೆತ್ತಲೇ ಹೊರಟಿದ್ದರು. ಒಬ್ಬರು ಮೈಯನ್ನು ಕೆಳಗೆ ಬಿಟ್ಟು ಎತ್ತಿದರು, ಇನ್ನೊಬ್ಬರು ಮೈಸಮೇತ ಎತ್ತಲು ನೋಡಿದರು.

367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಯಾವ ಗ್ರಂಥಗಳು ಪವಿತ್ರ ಎಂಬ ಪಟ್ಟಿಯನ್ನು ತನ್ನ ಸುತ್ತೋಲೆಯಲ್ಲಿ ಹೊರಡಿಸಿದ. ಆ ಸುಮಾರಿಗೆ ಯಾರೋ ಸನ್ಯಾಸಿಗಳು ನಾಗ್ ಹಮ್ಮಾದಿಯ ಸಂಪುಟಗಳನ್ನು ಜಾಡಿಯಲ್ಲಿಟ್ಟು ಹೂತಿರಬೇಕೆಂಬುದು ಕೆಲವು ವಿದ್ವಾಂಸರ ಊಹೆ. ಅವುಗಳನ್ನು ಸುಡದೆ ಇಟ್ಟ ಕೈಗಳಿಗೆ ನಾವು ಋಣಿಗಳು. ಅವು ಹೇಳಿದ್ದೆಲ್ಲವನ್ನೂ ಒಪ್ಪಲೇಬೇಕೆಂದೇನೂ ಇಲ್ಲ. ಆದರೆ ಅವು ಇದ್ದುದರಿಂದಲೇ ಒಂದು ಪದದ ಅರ್ಥ ಆಕಾಶದಿಂದ ಉದುರಿ ಬಿದ್ದದ್ದಲ್ಲ, ವಾದಿಸಿ ಗೆದ್ದದ್ದು ಎಂದು ನಮಗೆ ಗೊತ್ತಾಗಿದೆ. ಕನ್ನಡದ ಈಚಿನ ಬೈಬಲ್ ಭಾಷಾಂತರವೊಂದು ಸುವಾರ್ತೆಗಳಲ್ಲೂ ಯೇಸುವನ್ನು ‘ನರಪುತ್ರ’ನೆಂದೇ ಕರೆದಿದೆ. ಪ್ರವಾದಿಗೂ ಅವನಿಗೂ ಒಂದೇ ಪದ, ಗ್ರೀಕಿನಲ್ಲಿದ್ದಂತೆ. ಯಾವ ನರ ಎಂಬ ಪ್ರಶ್ನೆ ಅಲ್ಲಿ ಮತ್ತೆ ತೆರೆದುಕೊಂಡಿದೆ.