ಮೇಷ್ಟರ ಮನೆಯ ಬಾನುಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಕನ್ನಡದ ಬಾನುಲಿ ಹತ್ತಿರವಾದುದು 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾದಾಗ. ಆದರೆ ಬಾನುಲಿಗೆ 'ಆಕಾಶವಾಣಿ' ಎಂಬ ಹೆಸರಿಟ್ಟವರು ದಿಲ್ಲಿಯವರಲ್ಲ, ಮೈಸೂರಿನವರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ 30 ವಾಟ್‌ನ ಪುಟ್ಟ ಯಂತ್ರದಲ್ಲಿ ಪ್ರಸಾರ ತೊಡಗಿದರು. ಅದು ವಿಶ್ವವಿದ್ಯಾನಿಲಯದ ಆಸ್ತಿಯಲ್ಲ; ಅಲ್ಲಿನ ಮೇಷ್ಟರೊಬ್ಬರ ಸ್ವಂತ ಹುಚ್ಚು—ಒಳ್ಳೆಯ ಅರ್ಥದಲ್ಲಿಯೇ ಹೇಳುತ್ತಿದ್ದೇನೆ! ಅವರೊಡನೆ ದುಡಿದ ನಾ. ಕಸ್ತೂರಿಯವರೇ ಆ ಹೆಸರನ್ನು ಸೂಚಿಸಿದರೆಂದು ಪ್ರತೀತಿ. 1942ರಲ್ಲಿ ಸಂಸ್ಥಾನದ ಸರ್ಕಾರ ನಿಲಯವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಹೆಸರು ಇನ್ನೂ ದೂರ ನಡೆದು ದೇಶದ್ದೇ ಆಯಿತು. ಗಡಿಯ ವ್ಯಾಜ್ಯ ಕಾವೇರಿದ ದಿನಗಳಲ್ಲಿಯೂ ನಿಪ್ಪಾಣಿಯ ಮನೆಗಳಲ್ಲಿ ಮುಳ್ಳು ತಿರುಗಿಸಿದರೆ, ಕನ್ನಡ ವಾರ್ತೆಗಾಗಲಿ ಮರಾಠಿ ವಾರ್ತೆಗಾಗಲಿ, ಮೊದಲು ಕೇಳುತ್ತಿದ್ದುದು ಮೈಸೂರಿನ ಆ ಮಾತೇ.