ಹಾರಲಾರದ ಹಕ್ಕಿಗಳು

ರೆಕ್ಕೆಯಿದ್ದೂ ಹಾರುವ ಶಕ್ತಿ ಕಳೆದುಕೊಂಡ ಪಕ್ಷಿಗಳು. ಇಂದು ಉಳಿದಿರುವುದು ಸುಮಾರು 60 ಜಾತಿ. ಕರ್ನಾಟಕದ ಕಾಡುಗಳಲ್ಲಿ ಒಂದೂ ಇಲ್ಲ. ಆದರೆ ಬೆಂಗಳೂರಿನ ಬಿಳೇಕಹಳ್ಳಿಯವರು ಬನ್ನೇರುಘಟ್ಟ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಜೈವಿಕ ಉದ್ಯಾನದಲ್ಲಿ ಎಮುವನ್ನು ನೋಡಬಹುದು. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ಎಮು, ಉಷ್ಟ್ರಪಕ್ಷಿ ಎರಡೂ ಇವೆ.

ಹಾರುವ ಹಕ್ಕಿಯ ಎದೆಮೂಳೆಗೆ ಏಣಿನಂಥ ಉಬ್ಬು ಇರುತ್ತದೆ. ರೆಕ್ಕೆ ಬಡಿಯುವ ಸ್ನಾಯುಗಳಿಗೆ ಅದೇ ಆಧಾರ. ಎಮು, ಉಷ್ಟ್ರಪಕ್ಷಿ, ಕಿವಿ ಹಕ್ಕಿಗಳಲ್ಲಿ ಈ ಉಬ್ಬಿಲ್ಲ. ಆದರೆ ಪೆಂಗ್ವಿನ್‌ಗೆ ಇದೆ, ಅದು ನೀರಿನೊಳಗೆ ರೆಕ್ಕೆ ಬೀಸಿಯೇ ಈಜಬೇಕಲ್ಲ! ಎರಡೇ ಬೆರಳಿನ ಉಷ್ಟ್ರಪಕ್ಷಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡಬಲ್ಲದು.

ಎಮುವಿನ ಸಂಸಾರ ಕುತೂಹಲದ್ದು. ಹೆಣ್ಣು ಕಡುಹಸಿರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ, ಕೆಲವೊಮ್ಮೆ ಬೇರೆ ಗಂಡಿನ ಜೊತೆಗೆ. ಕಾವು ಕೂರುವುದು ಗಂಡು. ಸುಮಾರು ಎಂಟು ವಾರ ಅದು ಬಹುತೇಕ ಉಪವಾಸ. ಮೈಯ ಕೊಬ್ಬೇ ಆಹಾರ. ಪಟ್ಟೆಪಟ್ಟೆ ಮರಿಗಳನ್ನು ತಿಂಗಳುಗಟ್ಟಲೆ ಸಾಕುವುದೂ ಅದೇ.

ಭಾರತದಲ್ಲೂ ಒಂದು ಕಾಲಕ್ಕೆ ಉಷ್ಟ್ರಪಕ್ಷಿಗಳಿದ್ದವು. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಅವುಗಳ ಮೊಟ್ಟೆಚಿಪ್ಪಿನ ಮೇಲೆ ಶಿಲಾಯುಗದ ಜನ ಗೀರಿದ ಚಿತ್ತಾರ ದೊರೆತಿದೆ. ಇನ್ನು ಬೇಟೆಯಾಡುವ ಪ್ರಾಣಿಗಳಿಲ್ಲದ ದ್ವೀಪಗಳಲ್ಲಿ ಹಾರಾಟ ಬಿಟ್ಟ ಹಕ್ಕಿಗಳಿಗೆ ಹಡಗುಗಳೊಡನೆ ಬಂದ ಮನುಷ್ಯ, ಇಲಿ, ಹಂದಿಗಳೇ ಮೃತ್ಯುವಾದವು. ಮಾರಿಷಸ್‌ನ ಡೋಡೊ 17ನೇ ಶತಮಾನದಲ್ಲೇ ಅಳಿಯಿತು.

ದಕ್ಷಿಣ ಭಾರತದ ರೈತರಿಗೆ ಎಮು ಪರಿಚಯವಾದದ್ದು ಸಾಕಣೆಯಿಂದ. ಎಣ್ಣೆ, ಮಾಂಸದ ಆಸೆ ತೋರಿಸಿ ಹಣ ಕಟ್ಟಿಸಿಕೊಂಡ ತಮಿಳುನಾಡಿನ ಪೆರುಂದುರೈ ಸುತ್ತಲಿನ ಯೋಜನೆಗಳು 2012ರಲ್ಲಿ ಕುಸಿದವು. ಕೊಳ್ಳುವವರಿಲ್ಲದೆ, ಮೇವೂ ಸಿಗದೆ ಹಕ್ಕಿಗಳು ದೊಡ್ಡಿಗಳಲ್ಲೇ ಉಳಿದವು.