ಕೃಷ್ಣಾ ತೀರದ ನಳದ ನೀರು: ಮೂಲ, ಋತು ಮತ್ತು ಮನೆಮಟ್ಟದ ಶುದ್ಧೀಕರಣ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಕುಡಿಯುವ ನೀರಿಗೆ ಮುಖ್ಯವಾಗಿ ಎರಡು ಮೂಲಗಳಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಹಾಗೂ ಘಟಪ್ರಭಾ ಎಡದಂಡೆ ಕಾಲುವೆಯ ಮೇಲ್ಮೈ ನೀರು ಒಂದಾದರೆ, ಬಾವಿ ಮತ್ತು ಕೊಳವೆಬಾವಿಗಳ ಅಂತರ್ಜಲ ಇನ್ನೊಂದು. ಹೊಳೆಯ ನೀರು ಸಾಲದಾದಾಗ ಬೋರಿನ ನೀರನ್ನು ಅದೇ ಕೊಳವೆಗೆ ಬಿಡುವ ಊರುಗಳಲ್ಲಿ ಒಂದೇ ನಳಕ್ಕೆ ವರ್ಷದೊಳಗೆ ಎರಡು ಗುಣದ ನೀರು ಬರುತ್ತದೆ. ಆದ್ದರಿಂದ ಮನೆಯಲ್ಲಿ ನೀರನ್ನು ಶುದ್ಧಗೊಳಿಸುವ ವಿಧಾನವನ್ನು ನೀರಿನ ಮೂಲ ಮತ್ತು ಋತುವನ್ನು ನೋಡಿ ನಿರ್ಧರಿಸಬೇಕೆಂಬುದು ಈ ಲೇಖನದ ವಾದ.

ಹೊಳೆಯ ನೀರು

ಕೃಷ್ಣೆಯು ಕರ್ನಾಟಕವನ್ನು ಪ್ರವೇಶಿಸುವ ಮೊದಲೇ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಳ್ಳುತ್ತದೆ. ಪಂಚಗಂಗೆಯ ಪಾತ್ರದಲ್ಲಿ ಕೊಲ್ಲಾಪುರವೂ ಜವಳಿ ಉದ್ದಿಮೆಯ ಇಚಲಕರಂಜಿಯೂ ಇರುವುದರಿಂದ ಮೇಲಿನ ಊರುಗಳ ಕೊಳಚೆಯ ಪರಿಣಾಮ ಕೆಳಗಿನ ದಂಡೆಗೂ ತಟ್ಟುತ್ತದೆ. ಮಳೆಗಾಲದಲ್ಲಿ ಸಹ್ಯಾದ್ರಿಯಿಂದ ಇಳಿಯುವ ಹೊಸ ನೀರು ಲವಣಾಂಶವನ್ನು ತಗ್ಗಿಸಿದರೂ ರಾಡಿಯನ್ನೂ ರೋಗಾಣುಗಳನ್ನೂ ಹೊತ್ತು ತರುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರಗಳಂಥ ಹೊತ್ತಿನಲ್ಲಿ ಈ ಅಪಾಯ ತೀವ್ರಗೊಳ್ಳುತ್ತದೆ. ಬೇಸಿಗೆಯಲ್ಲಿ ಹರಿವು ನಿಂತು, ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಮಹಾರಾಷ್ಟ್ರವನ್ನು ಕೋರುವ ಸ್ಥಿತಿ ಮತ್ತೆ ಮತ್ತೆ ಒದಗಿದೆ. ಆಗ ಬ್ಯಾರೇಜುಗಳ ಹಿಂದೆ ಮಡುಗಟ್ಟಿದ ನೀರಿನಲ್ಲಿ ಪಾಚಿ ಬೆಳೆದು ವಾಸನೆ ಹುಟ್ಟುತ್ತದೆ.

ಬೋರಿನ ನೀರು

ಈ ನೆಲದ ತಳದಲ್ಲಿರುವುದು ದಖನ್ ಲಾವಾಶಿಲೆ, ಅಂದರೆ ಬಸಾಲ್ಟ್. ಅದರ ಬಿರುಕುಗಳಲ್ಲಿ ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೇರಿ ಗಡಸುತನ ಬರುತ್ತದೆ. ಬೇಳೆ ಬೇಗ ಬೇಯದಿರುವುದು, ಸಾಬೂನಿಗೆ ನೊರೆ ಏಳದಿರುವುದು, ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದು ಅದರ ಕುರುಹುಗಳು. ಇದರ ಮೇಲೆ, ಕಪ್ಪು ಎರೆಯ ಕಬ್ಬಿನ ಹೊಲಗಳಿಗೆ ಮಿತಿಮೀರಿ ನೀರು ಹಾಯಿಸಿದ್ದರಿಂದ ನದಿದಂಡೆಯ ಭೂಮಿ ಸವಳು-ಜವಳಾಗಿದೆ; ಯೂರಿಯಾದಂಥ ಗೊಬ್ಬರಗಳಿಂದ ಬಸಿದಿಳಿಯುವ ನೈಟ್ರೇಟು ಅಂತರ್ಜಲವನ್ನು ಸೇರುತ್ತದೆ. ನೈಟ್ರೇಟಿಗೆ ಬಣ್ಣವಿಲ್ಲ, ರುಚಿಯಿಲ್ಲ. ಆದರೆ ಅದು ಆರು ತಿಂಗಳೊಳಗಿನ ಶಿಶುಗಳ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸಬಲ್ಲದು.

ಪರೀಕ್ಷೆಯ ಅರ್ಥ

ಭಾರತೀಯ ಮಾನಕ ಬ್ಯೂರೋದ ಐಎಸ್ 10500:2012ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಕರಗಿದ ಘನವಸ್ತು, ಅಂದರೆ ಟಿಡಿಎಸ್, 500 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಸಮ್ಮತಿಯಿದೆ. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600. ನೈಟ್ರೇಟಿಗೆ ಮಾತ್ರ 45 ಮಿಲಿಗ್ರಾಮಿನಾಚೆ ಯಾವ ರಿಯಾಯಿತಿಯೂ ಇಲ್ಲ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಮಾರಾಟಗಾರರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರು ನೀರಿನ ವಿದ್ಯುದ್ವಾಹಕತೆಯಿಂದ ಲವಣವನ್ನು ಅಂದಾಜಿಸುತ್ತದೆಯೇ ಹೊರತು ರೋಗಾಣುವನ್ನು ಕಾಣುವುದಿಲ್ಲ. ಹೀಗಾಗಿ ಶ್ರಾವಣದ ಹೊಳೆ ನೀರು ಮೀಟರಿನಲ್ಲಿ ‘ಒಳ್ಳೆಯದು’ ಎನಿಸಿಕೊಂಡು ಹೊಟ್ಟೆಬೇನೆ ತರಬಹುದು. ಜಲ ಜೀವನ ಮಿಷನ್ ಅಡಿ ಗ್ರಾಮಗಳ ಮಹಿಳೆಯರಿಗೆ ತರಬೇತಿಯೊಂದಿಗೆ ಒದಗಿಸುವ ಕ್ಷೇತ್ರ ಪರೀಕ್ಷಾ ಕಿಟ್ಟಿನಲ್ಲಿ ರೋಗಾಣು ಪರೀಕ್ಷೆಯ ಸೀಸೆಯೂ ಇರುತ್ತದೆ. ಒಂದೆರಡು ದಿನಗಳಲ್ಲಿ ಅದರೊಳಗಿನ ನೀರು ಕಪ್ಪಾದರೆ ಮಲಮೂಲದ ಮಾಲಿನ್ಯವಿದೆಯೆಂದು ಶಂಕಿಸಬೇಕು.

ಮನೆಯಲ್ಲಿ ಏನು ಮಾಡಬೇಕು

ರಾಡಿ ನೀರನ್ನು ಮೊದಲು ಪಟಕದಿಂದ ತಿಳಿಗೊಳಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸುವುದು ಅಥವಾ ಕ್ಲೋರಿನ್ ಬೆರೆಸುವುದು ಕ್ರಮ. ರಾಡಿ ಉಳಿದರೆ ಕ್ಲೋರಿನ್ ಅದರಲ್ಲೇ ವ್ಯಯವಾಗುತ್ತದೆ, ಅತಿನೇರಳೆ ಕಿರಣದ ಯಂತ್ರವೂ ವಿಫಲವಾಗುತ್ತದೆ. ಕುದಿಸುವುದಾದರೆ ನೀರು ಮಳಮಳನೆ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕಾದರೆ 20 ಲೀಟರಿಗೆ ಶೇ 25ರ ಬ್ಲೀಚಿಂಗ್ ಪುಡಿ ಕೇವಲ 160 ಮಿಲಿಗ್ರಾಂ ಸಾಕು. ಇಷ್ಟು ಚಿಕ್ಕ ಅಳತೆ ಕೈಗೆ ಸಿಗದ ಕಾರಣ ಕ್ಲೋರಿನ್ ಮಾತ್ರೆಯನ್ನು ಅದರ ಪೊಟ್ಟಣದ ಸೂಚನೆಯಂತೆ ಬಳಸಿ, ಅರ್ಧ ಗಂಟೆ ಕಾಯುವುದು ಸುರಕ್ಷಿತ.

ಬೋರಿನ ನೀರಿನ ವಿಷಯ ಬೇರೆ. ಕುದಿಸಿದರೆ ಬೈಕಾರ್ಬೊನೇಟಿನಿಂದ ಬಂದ ತಾತ್ಕಾಲಿಕ ಗಡಸುತನವಷ್ಟೇ ಪೊರೆಯಾಗಿ ಕೂರುತ್ತದೆ. ನೈಟ್ರೇಟು ಹೋಗುವುದಿರಲಿ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನೈಟ್ರೇಟು ಅಥವಾ ಲವಣ ಮಿತಿಮೀರಿದಲ್ಲಿ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ ಸಮರ್ಥನೀಯ. ಆದರೆ ಒಂದು ಲೀಟರ್ ಶುದ್ಧ ನೀರಿಗೆ ಎರಡು-ಮೂರು ಲೀಟರ್ ಹೊರಗೆ ಹೋಗುವುದರಿಂದ, ನಳಕ್ಕೆ ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಕುಡಿಯುವ ಮತ್ತು ಅಡುಗೆಯ ಪಾಲಿಗಷ್ಟೇ ಅದನ್ನು ಬಳಸಿ, ಹೊರಬಿದ್ದ ನೀರನ್ನು ನೆಲ ತೊಳೆಯಲು ಹಿಡಿದಿಡಬೇಕು.

ಹೀಗೆ ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಇನ್ನೊಂದು ಅಪಾಯವಿದೆ. ಒತ್ತಡವಿಲ್ಲದ ಹೊತ್ತಿನಲ್ಲಿ ಒಡಕು ಕೊಳವೆಯು ಪಕ್ಕದ ಗಟಾರದ ನೀರನ್ನು ಹೀರಬಲ್ಲದು. ಆದ್ದರಿಂದ ಮೊದಲು ಬರುವ ನೀರನ್ನು ಕುಡಿಯಲು ತುಂಬದಿರುವುದು, ತುಂಬಿದ ನೀರಿಗೆ ಕೈ ಅದ್ದದೆ ಮುಚ್ಚಳ ಮತ್ತು ತೋಟಿಯಿರುವ ಪಾತ್ರೆಯಲ್ಲಿಡುವುದು ಅಗತ್ಯ.

ಒಟ್ಟಿನಲ್ಲಿ, ಈ ತಾಲೂಕುಗಳ ಮನೆಗಳಿಗೆ ತುರ್ತಾಗಿ ಬೇಕಾದ ಮಾಹಿತಿ ಈ ವಾರ ನಳಕ್ಕೆ ಬಿಟ್ಟಿರುವ ನೀರು ಹೊಳೆಯದೋ ಬೋರಿನದೋ ಎಂಬುದು. ಮೂಲ ಬದಲಾದ ದಿನವನ್ನೂ ಇತ್ತೀಚಿನ ಪರೀಕ್ಷೆಯ ನೈಟ್ರೇಟ್ ಮತ್ತು ರೋಗಾಣು ಫಲಿತಾಂಶವನ್ನೂ ಪಂಚಾಯಿತಿಯ ಫಲಕದಲ್ಲಿ ಬರೆದು ಹಾಕಿದರೆ, ಯಾವ ದಿನ ಕುದಿಸಬೇಕು, ಯಾವಾಗ ಆರ್‌ಒ ಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸಬಲ್ಲರು.